ಕಿತ್ತಳೆಗೆ ಯುರೋಪಿನಲ್ಲಿ ಎಷ್ಟು ಹೆಸರು? ಪದೇ ಪದೇ ಕೇಳುವ ಪ್ರಶ್ನೆಗಳು

ಪದಗಳ ಹುಟ್ಟಿನ ಬಗ್ಗೆ ಮಾತು ಶುರುವಾದರೆ ‘ಆರೆಂಜ್’ ಬಂದೇ ಬರುತ್ತದೆ. ಒಬ್ಬರು ‘ಅದು ನಮ್ಮ ದಕ್ಷಿಣದ ಪದವಂತೆ, ಹೌದಾ?’ ಎನ್ನುತ್ತಾರೆ. ಇನ್ನೊಬ್ಬರು ಆನೆ ಕಥೆ ತೆಗೆಯುತ್ತಾರೆ. ಹಾಗೆ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ತಲೆ ಕೆರೆಸುವಂಥವು ಕೊನೆಗೆ.

## ಶುರುವಿಗೆ

ಆರೆಂಜ್ ಅನ್ನೋದು ಇಂಗ್ಲಿಷ್ ಪದ ತಾನೇ?

ಅಲ್ಲ, ಇಂಗ್ಲಿಷ್‌ಗೆ ಅದು ಫ್ರೆಂಚ್‌ನಿಂದ ಬಂದದ್ದು. ಫ್ರೆಂಚರು ಇಟಲಿ ಕಡೆಯಿಂದ ಕಲಿತರು. ಇಟಲಿಗೂ ಸ್ಪೇನಿಗೂ ಕೊಟ್ಟವರು ಅರಬರು. ಅವರ ಮಾತಿನಲ್ಲಿ ಅದು ‘ನಾರಂಜ್’. ಅರಬರಿಗೆ ಪರ್ಷಿಯನ್‌ನ ‘ನಾರಂಗ್’, ಪರ್ಷಿಯನ್ನರಿಗೆ ಸಂಸ್ಕೃತದ ‘ನಾರಂಗ’. ಸಂಸ್ಕೃತಕ್ಕೆ ಅದು ಯಾವುದೋ ದ್ರಾವಿಡ ಭಾಷೆಯಿಂದ ಬಂತು ಎಂದು ಹೆಚ್ಚಿನ ನಿಘಂಟುಗಳು ಹೇಳುತ್ತವೆ. ಆ ಕೊನೆಯ ಮೆಟ್ಟಿಲಿನ ಬಗ್ಗೆ ತಕರಾರು ಇದೆ, ಕೊನೆಯ ಪ್ರಶ್ನೆಯಲ್ಲಿ ನೋಡೋಣ.

ಇಂಗ್ಲೆಂಡಿನ ಹಳೆಯ ಲೆಕ್ಕಪತ್ರಗಳಲ್ಲಿ ಒಂದು ಚಂದದ ನಮೂದು ಇದೆ. 1290ರಲ್ಲಿ ಪೋರ್ಟ್ಸ್‌ಮತ್ ಬಂದರಿಗೆ ಸ್ಪೇನಿನ ಹಡಗೊಂದು ಬಂತು. ರಾಣಿ ಎಲೀನರ್ ಅದರಿಂದ ಅಂಜೂರ, ದ್ರಾಕ್ಷಿ, ದಾಳಿಂಬೆ ಜೊತೆಗೆ 7 ಕಿತ್ತಳೆ ಕೊಂಡಳು. ಆಕೆ ಹುಟ್ಟಿದ್ದು ಸ್ಪೇನಿನ ಕಸ್ತೀಲಿಯಾದಲ್ಲಿ. ತವರಿನ ಹಣ್ಣು ಕಂಡರೆ ಯಾರು ಬಿಡುತ್ತಾರೆ, ಅಲ್ವಾ? ಅಷ್ಟು ಹೊತ್ತಿಗೆ ಸ್ಪೇನಿನಲ್ಲಿ ಅದು ತೋಟದ ಹಣ್ಣು, ಇಂಗ್ಲೆಂಡಿನಲ್ಲಿ ಎಣಿಸಿ ಕೊಳ್ಳುವ ಹಣ್ಣು.

ಯುರೋಪಿನಲ್ಲಿ ಎಲ್ಲಾ ಕಡೆ ‘ಆರೆಂಜ್’ ಥರದ ಹೆಸರೇ ಇದೆಯಾ?

ಇಲ್ಲ. ದೊಡ್ಡದಾಗಿ ನೋಡಿದರೆ ಮೂರು ಮನೆತನಗಳಿವೆ. ಮೊದಲನೆಯದು ‘ನಾರಂಗ’ದ್ದು: ಸ್ಪ್ಯಾನಿಷ್ ‘ನರಾಂಹ’, ಪೋರ್ಚುಗೀಸ್ ‘ಲರಾಂಜ’, ಇಟಾಲಿಯನ್ ‘ಅರಾಂಚಾ’, ಹಂಗೇರಿಯನ್ ‘ನರಂಚ್’, ಕ್ರೊಯೇಷಿಯನ್ ‘ನರಾಂಚಾ’, ಫ್ರೆಂಚ್ ಮತ್ತು ಇಂಗ್ಲಿಷ್. ಎರಡನೆಯದು ‘ಚೀನಾದ ಸೇಬು’: ಡಚ್, ಜರ್ಮನಿಯ ಉತ್ತರ ಭಾಗ, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್, ರಷ್ಯಾ. ಮೂರನೆಯದು ‘ಪೋರ್ಚುಗಲ್’: ಗ್ರೀಕ್ ‘ಪೋರ್ತೊಕಾಲಿ’, ರೊಮೇನಿಯನ್ ‘ಪೋರ್ತೊಕಾಲ’, ಬಲ್ಗೇರಿಯನ್ ‘ಪೋರ್ತೊಕಾಲ್’, ಅಲ್ಬೇನಿಯನ್ ‘ಪೋರ್ತೊಕಾಲ್’.

ಹೀಗಾಗಲು ಕಾರಣ, ಯುರೋಪಿಗೆ ಬಂದದ್ದು ಒಂದು ಹಣ್ಣಲ್ಲ, ಎರಡು. ಅರಬರು ತಂದದ್ದು ಹುಳಿ-ಕಹಿ ಕಿತ್ತಳೆ. ಸುಮಾರು 10, 11ನೇ ಶತಮಾನಗಳಲ್ಲಿ ಅದು ಸಿಸಿಲಿ, ಸ್ಪೇನ್‌ಗಳಲ್ಲಿ ನೆಲೆಯಾಯಿತು. ತಿನ್ನಲು ಚಂದವಿರುವ ಸಿಹಿ ಕಿತ್ತಳೆ ಹರಡಿದ್ದು ನಾಲ್ಕೈದು ಶತಮಾನ ಆದಮೇಲೆ. ಕೆಲವರು ಹೊಸ ಹಣ್ಣಿಗೂ ಹಳೇ ಹೆಸರನ್ನೇ ಹಾಕಿದರು. ಉಳಿದವರು ಹೊಸ ಹೆಸರು ಕಟ್ಟಿದರು.

ಪೋರ್ಚುಗಲ್ ಹೆಸರು ಯಾಕೆ ಬಂತು? ಕಿತ್ತಳೆ ಅಲ್ಲಿಯದ್ದಾ?

ಅಲ್ಲಿಯದ್ದಲ್ಲ, ಮಾರಿದವರು ಅಲ್ಲಿಯವರು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆ ಕಡೆಗೆ ದಾರಿ ಕಂಡುಕೊಂಡ ಮೇಲೆ ಪೋರ್ಚುಗೀಸರ ಹಡಗುಗಳು ಏಷ್ಯಾದ ಒಳ್ಳೆಯ ಸಿಹಿ ತಳಿಗಳನ್ನು ಒಯ್ದವು. ಮೆಡಿಟರೇನಿಯನ್ ಬಂದರುಗಳಲ್ಲಿ ಅವರ ಸರಕಿಗೆ ಹೆಸರು ಬಂತು. ಗ್ರೀಕರು, ತುರ್ಕರು, ಅರಬರು ಹಣ್ಣನ್ನೇ ‘ಪೋರ್ಚುಗಲ್’ ಎಂದು ಕರೆಯತೊಡಗಿದರು.

ನಮ್ಮಲ್ಲಿ ಪಪ್ಪಾಯಿಗೆ ‘ಪರಂಗಿ ಹಣ್ಣು’ ಎನ್ನುವುದೂ ಇದೇ ಲೆಕ್ಕ. ಹಣ್ಣು ಅಮೆರಿಕದ್ದು, ತಂದವರು ಪರಂಗಿಗಳು, ಹೆಸರು ಅವರದ್ದು.

ತಮಾಷೆ ಅಂದರೆ ಪೋರ್ಚುಗೀಸರು ಮಾತ್ರ ಆ ಹೆಸರು ಬಳಸುವುದಿಲ್ಲ. ಅವರಿಗೆ ಅದು ‘ಲರಾಂಜ’, ಅರಬರಿಂದ ಕಲಿತ ಹಳೇ ಪದ. ಅರಬರಿಗೆ ಈಗ ಸಿಹಿ ಕಿತ್ತಳೆ ‘ಬುರ್ತುಕಾಲ್’. ಅಂದರೆ ಇಬ್ಬರೂ ಇನ್ನೊಬ್ಬರ ಕೈಯಿಂದ ಬಂದ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ತಿರುವು ಇದೇ.

‘ಚೀನಾದ ಸೇಬು’ ಅಂದ್ರೇನು? ಕಿತ್ತಳೆ ಎಲ್ಲಿ, ಸೇಬು ಎಲ್ಲಿ?

ಯುರೋಪಿನ ಹಳೇ ಭಾಷೆಗಳಲ್ಲಿ ಸೇಬಿನ ಪದ ಸುಮಾರಾಗಿ ‘ಹಣ್ಣು’ ಎಂಬ ಅರ್ಥದಲ್ಲೇ ಓಡಾಡುತ್ತಿತ್ತು. ಗೊತ್ತಿಲ್ಲದ ದುಂಡನೆಯ ವಸ್ತು ಏನೇ ಬಂದರೂ ಅದು ಒಂದು ಬಗೆಯ ಸೇಬು. ಫ್ರೆಂಚರಿಗೆ ಆಲೂಗಡ್ಡೆ ‘ನೆಲದ ಸೇಬು’, ಇಟಲಿಯವರಿಗೆ ಟೊಮೆಟೊ ‘ಚಿನ್ನದ ಸೇಬು’. ಹಾಗೆಯೇ ಡಚ್ಚರಿಗೆ ಸಿಹಿ ಕಿತ್ತಳೆ ‘ಸಿನಾಸಾಪಲ್’, ಚೀನಾದ ಸೇಬು. ಬೆಲ್ಜಿಯಂನ ಡಚ್ ಮಾತಿನಲ್ಲಿ ಅದೇ ಎರಡು ತುಂಡು ಹಿಂದುಮುಂದಾಗಿ ‘ಆಪಲ್ಸೀನ್’. ಈ ರೂಪವೇ ಉತ್ತರದ ಬಂದರುಗಳಿಂದ ಬಾಲ್ಟಿಕ್ ದಾಟಿ ರಷ್ಯಾ ಮುಟ್ಟಿತು. ಸ್ವೀಡಿಷ್ ‘ಅಪೆಲ್ಸಿನ್’, ಫಿನ್ನಿಷ್ ‘ಅಪ್ಪೆಲ್ಸೀನಿ’, ರಷ್ಯನ್ ‘ಅಪಿಲ್ಸೀನ್’. ಸೇಬಿಗೆ ರಷ್ಯನ್ನರ ಪದವೇ ಬೇರೆ, ‘ಯಾಬ್ಲಕ’. ಹಾಗಾಗಿ ‘ಅಪಿಲ್ಸೀನ್’ ಒಳಗೆ ಸೇಬು ಇದೆ ಎಂದು ಅಲ್ಲಿನವರಿಗೆ ಅನ್ನಿಸುವುದೂ ಇಲ್ಲ.

ಬರ್ಲಿನ್‌ನಲ್ಲಿ ‘ಆಪ್ಫೆಲ್ಸೀನೆ’ ಕೇಳಿದೆ, ಮ್ಯೂನಿಕ್‌ನಲ್ಲಿ ‘ಒರಾಂಜೆ’ ಅಂದರು. ಯಾವುದು ಸರಿ?

ಎರಡೂ ಸರಿ. ಉತ್ತರಕ್ಕೆ ಹಣ್ಣು ಬಂದದ್ದು ಆಮ್‌ಸ್ಟರ್‌ಡ್ಯಾಮ್, ಹ್ಯಾಂಬರ್ಗ್ ಥರದ ಬಂದರುಗಳಿಂದ, ದಕ್ಷಿಣಕ್ಕೆ ಇಟಲಿಯ ಕಡೆಯಿಂದ. ಹಣ್ಣಿನ ಜೊತೆ ಹೆಸರೂ ಬಂತು. ಈಗ ಜರ್ಮನಿಯ ಅಂಗಡಿಗಳಲ್ಲಿ, ಜ್ಯೂಸ್ ಡಬ್ಬಿಗಳ ಮೇಲೆ ‘ಒರಾಂಜೆ’ಯದ್ದೇ ಜಾಸ್ತಿ ಓಡಾಟ.

ನಾವು ಸುಲಿದು ತಿನ್ನೋ ಕೊಡಗಿನ ಕಿತ್ತಳೆ, ಅವರ ಆರೆಂಜ್ ಒಂದೇನಾ?

ಅಲ್ಲ, ಈ ಗೊಂದಲ ಬಹಳ ಜನರಿಗಿದೆ. ಕೊಡಗಿನ ಕಿತ್ತಳೆ, ನಾಗಪುರದ ಕಿತ್ತಳೆ ಎರಡೂ ಮ್ಯಾಂಡರಿನ್ ಜಾತಿಯವು. ಸಿಪ್ಪೆ ಸಡಿಲ, ಹೆಬ್ಬೆರಳು ಹಾಕಿದರೆ ಬಿಚ್ಚಿಕೊಳ್ಳುತ್ತದೆ. ಯುರೋಪಿನ ಸಿಹಿ ಆರೆಂಜಿನ ಸಿಪ್ಪೆ ತಿರುಳಿಗೆ ಅಂಟಿಕೊಂಡಿರುತ್ತದೆ, ಚಾಕು ಬೇಕು. ಸಸ್ಯಶಾಸ್ತ್ರದ ಪ್ರಕಾರ ಅದಕ್ಕೆ ಹತ್ತಿರದ ನಂಟ ನಮ್ಮ ಮೋಸಂಬಿ. ಮೋಸಂಬಿಗೆ ಭಾರತದ ಇಂಗ್ಲಿಷಿನಲ್ಲಿ ‘ಸ್ವೀಟ್ ಲೈಮ್’ ಎನ್ನುತ್ತೇವಲ್ಲ, ಅದು ಸುಮ್ನೆ ಬಳಕೆಗೆ ಬಂದ ತಪ್ಪು ಹೆಸರು. ನಿಜದಲ್ಲಿ ಅದು ಸಿಹಿ ಕಿತ್ತಳೆಯ ಒಂದು ತಳಿ. ‘ಮೋಸಂಬಿ’ ಎಂಬ ಹೆಸರು ಆಫ್ರಿಕಾದ ಮೊಜಾಂಬಿಕ್‌ನಿಂದ ಬಂತು ಎನ್ನುತ್ತಾರೆ. ಅಲ್ಲೂ ಪೋರ್ಚುಗೀಸರ ಹಡಗುದಾರಿಯೇ.

## ಸ್ವಲ್ಪ ಒಳಗೆ ಹೋದರೆ

‘ನಾರಂಗ’ದ ‘ನ’ ಎಲ್ಲಿ ಹೋಯಿತು? ‘ಎ ನಾರೆಂಜ್’ ಅನ್ನೋದು ‘ಆ್ಯನ್ ಆರೆಂಜ್’ ಆಯ್ತಂತೆ?

ಕಥೆ ಅರ್ಧ ಸರಿ. ‘ನ’ ಕಳೆದುಹೋದದ್ದು ನಿಜ, ಆದರೆ ಕಳೆದದ್ದು ಇಂಗ್ಲಿಷಿನಲ್ಲಲ್ಲ. ಇಟಾಲಿಯನ್‌ನಲ್ಲಿ ‘ಒಂದು’ ಎನ್ನಲು ‘ಉನ’ ಬಳಸುತ್ತಾರೆ. ‘ಉನ ನರಾಂಚಾ’ ಎಂದು ಬೇಗ ಹೇಳಿದರೆ ಎರಡು ‘ನ’ ಒಂದಾಗುತ್ತವೆ, ಕೇಳಿದವರಿಗೆ ‘ಉನ್ ಅರಾಂಚಾ’ ಎನಿಸುತ್ತದೆ. ಅಲ್ಲಿಂದ ಫ್ರೆಂಚ್‌ಗೆ ಹೋಗಿ ಇಂಗ್ಲಿಷ್ ತಲುಪುವಾಗಲೇ ಪದಕ್ಕೆ ‘ನ’ ಇರಲಿಲ್ಲ. ಇಟಲಿಯಲ್ಲೇ ವೆನಿಸ್‌ನ ಮಾತಿನಲ್ಲಿ ‘ನರಾನ್ಸ’ ಎಂದು ‘ನ’ ಉಳಿದಿದೆ.

ಇಂಗ್ಲಿಷಿನಲ್ಲಿ ನಿಜಕ್ಕೂ ಹೀಗೆ ‘ನ’ ಕಳೆದುಕೊಂಡ ಪದಗಳು ಬೇಕಾದರೆ ‘ಏಪ್ರನ್’ ಮತ್ತು ‘ಆ್ಯಡರ್’ ನೋಡಿ. ಮೊದಲು ಅವು ‘ನೇಪ್ರನ್’, ‘ನ್ಯಾಡರ್’ ಆಗಿದ್ದವು.

ಇಟಾಲಿಯನ್‌ನಲ್ಲಿ ‘ಅ’ ಇದ್ದದ್ದು ಫ್ರೆಂಚ್‌ನಲ್ಲಿ ‘ಒ’ ಯಾಕಾಯ್ತು?

ಫ್ರೆಂಚ್‌ನಲ್ಲಿ ಚಿನ್ನಕ್ಕೆ ‘ಓರ್’. ಚಿನ್ನದ ಬಣ್ಣದ ಹಣ್ಣು ನೋಡಿ ಜನ ಆ ಕಡೆ ಜಾರಿರಬೇಕು. ಮಧ್ಯಯುಗದ ಲ್ಯಾಟಿನ್‌ನಲ್ಲೂ ಅದೇ ಆಟ: ಚಿನ್ನಕ್ಕೆ ‘ಔರುಮ್’, ಹಣ್ಣಿಗೆ ‘ಔರಾಂಟಿಯುಮ್’. ದಕ್ಷಿಣ ಫ್ರಾನ್ಸಿನ ‘ಒರಾಂಜ್’ ಊರಿನ ಹೆಸರೂ ಸೆಳೆದಿರಬಹುದು ಎನ್ನುವವರಿದ್ದಾರೆ.

ಆ ಊರಿಗೆ ಹಣ್ಣಿನಿಂದಲೇ ಹೆಸರು ಬಂದದ್ದಾ? ಹಾಗಾದ್ರೆ ಡಚ್ ಫುಟ್‌ಬಾಲ್ ತಂಡದ ಬಣ್ಣ?

ಊರಿಗೂ ಹಣ್ಣಿಗೂ ಹುಟ್ಟಿನಲ್ಲಿ ಯಾವ ಸಂಬಂಧವೂ ಇಲ್ಲ. ರೋಮನ್ನರ ಕಾಲದಲ್ಲಿ ಆ ಊರು ‘ಅರಾಉಸಿಯೊ’. ಅದು ಸೆಲ್ಟಿಕ್ ಜನರ ಒಬ್ಬ ಜಲದೇವತೆಯ ಹೆಸರು. ಕ್ರಿಸ್ತಪೂರ್ವ 105ರಲ್ಲಿ ರೋಮನ್ ಸೈನ್ಯ ಅಲ್ಲಿ ಭಾರಿ ಸೋಲು ಕಂಡಿತ್ತು. ಆಗ ಯುರೋಪಿನಲ್ಲಿ ಕಿತ್ತಳೆಯೇ ಇರಲಿಲ್ಲ. ಉಚ್ಚಾರ ಸವೆದು ಸವೆದು ‘ಒರಾಂಜ್’ ಆಯಿತು, ಹಣ್ಣಿನ ಹೆಸರೂ ಬೇರೆ ದಾರಿಯಿಂದ ಬಂದು ಅದೇ ರೂಪ ತಾಳಿತು.

1544ರಲ್ಲಿ ಆ ಊರಿನ ರಾಜಪದವಿ ನಸಾವು ಮನೆತನದ ವಿಲಿಯಂ ಎಂಬ 11 ವರ್ಷದ ಹುಡುಗನ ಪಾಲಿಗೆ ಬಂತು, ದೊಡ್ಡಪ್ಪ-ಚಿಕ್ಕಪ್ಪನ ಕಡೆಯ ಅಣ್ಣ ಸತ್ತದ್ದರಿಂದ. ಮುಂದೆ ಆತನೇ ಸ್ಪೇನಿನ ವಿರುದ್ಧ ಡಚ್ಚರ ದಂಗೆಗೆ ನಾಯಕನಾದ. ಡಚ್ ರಾಜಮನೆತನ ಇವತ್ತಿಗೂ ‘ಒರಾನ್ಯೆ-ನಸಾವು’. ಫುಟ್‌ಬಾಲ್ ಅಂಗಿಯ ಬಣ್ಣ ಅಲ್ಲಿಂದ. ಅವನ ಮರಿಮಗ ಮೂರನೇ ವಿಲಿಯಂ ಇಂಗ್ಲೆಂಡಿನ ರಾಜನಾದ. ಉತ್ತರ ಐರ್ಲೆಂಡಿನ ಪ್ರೊಟೆಸ್ಟಂಟರ ‘ಆರೆಂಜ್ ಆರ್ಡರ್’ ಅವನ ಹೆಸರಿನದು. ದಕ್ಷಿಣ ಆಫ್ರಿಕಾದ ಆರೆಂಜ್ ನದಿಗೂ 1779ರಲ್ಲಿ ಈ ಮನೆತನದ ಹೆಸರೇ ಬಿತ್ತು, ನೀರಿನ ಬಣ್ಣ ನೋಡಿ ಇಟ್ಟದ್ದಲ್ಲ.

ಹೀಗೆ ಒಂದು ಜಲದೇವತೆಯ ಹೆಸರು ಹಣ್ಣಿನ ಬಣ್ಣ ಹಾಕಿಕೊಂಡು ಧ್ವಜಗಳ ಮೇಲೆ ಕೂತಿದೆ. ಡಚ್ಚರಲ್ಲಿ ಬಣ್ಣ ‘ಒರಾನ್ಯೆ’, ಹಣ್ಣು ಮಾತ್ರ ಚೀನಾದ ಸೇಬೇ.

ಆ ರಾಜನ ಗೌರವಕ್ಕೆ ಕ್ಯಾರೆಟ್‌ಗೂ ಕಿತ್ತಳೆ ಬಣ್ಣ ಬರಿಸಿದರಂತೆ, ನಿಜಾನಾ?

ಕಿತ್ತಳೆ ಬಣ್ಣದ ಕ್ಯಾರೆಟ್‌ಗೆ ಡಚ್ ರೈತರು ಹೆಸರಾದದ್ದು ಹೌದು. ರಾಜನಿಗಾಗಿ ಬೆಳೆದರು ಎನ್ನಲು ಆ ಕಾಲದ ದಾಖಲೆ ಇಲ್ಲ. ಹೇಳಲು ಚೆನ್ನಾಗಿದೆ, ಅಷ್ಟೇ.

ಆನೆ ಕಿತ್ತಳೆ ತಿಂದು ಸತ್ತ ಕಥೆಯಿಂದ ‘ನಾಗರಂಗ’ ಆಯ್ತು ಅಂತ ಓದಿದೆ. ಸರಿನಾ?

ಈ ಕಥೆ ಇಂಗ್ಲಿಷಿನಲ್ಲಿ ಜೋರಾಗಿ ಹರಿದಾಡುತ್ತದೆ. ಆನೆಯೊಂದು ಕಾಡಿನಲ್ಲಿ ಮರ ಕಾಣುತ್ತದೆ, ಹೊಟ್ಟೆ ಬಿರಿಯುವಷ್ಟು ತಿನ್ನುತ್ತದೆ, ಸಾಯುತ್ತದೆ. ಅದರಿಂದ ‘ನಾಗರಂಗ’ ಎಂದರೆ ‘ಆನೆಗೆ ಆದ ಅಜೀರ್ಣ’ ಎನ್ನುತ್ತಾರೆ. ಕನ್ನಡ ಓದುವವರಿಗೆ ಇದನ್ನು ಪರೀಕ್ಷೆ ಮಾಡಲು ಪಂಡಿತರು ಬೇಕಿಲ್ಲ. ನಾಗ ಅಂದರೆ ಹಾವು, ಆನೆ ಎಂಬ ಅರ್ಥವೂ ಇದೆ, ಸರಿ. ರಂಗ ಅಂದರೆ ಬಣ್ಣ, ವೇದಿಕೆ. ಅಜೀರ್ಣ ಎಲ್ಲಿಂದ ಬಂತು? ಸಂಸ್ಕೃತದಲ್ಲಿ ‘ನಾಗರಂಗ’ ಎಂಬ ರೂಪವೂ ಇದೆ, ನಿಜ. ಅದು ಅರ್ಥವಾಗದ ‘ನಾರಂಗ’ವನ್ನು ಗೊತ್ತಿರುವ ಪದಗಳಾಗಿ ಒಡೆದುಕೊಂಡದ್ದು ಎನಿಸುತ್ತದೆ.

ಬಣ್ಣದ ಹೆಸರು ಮೊದಲಾ, ಹಣ್ಣಿನ ಹೆಸರು ಮೊದಲಾ?

ಹಣ್ಣು ಮೊದಲು. ಇಂಗ್ಲಿಷಿನಲ್ಲಿ ‘ಆರೆಂಜ್’ ಬಣ್ಣದ ಹೆಸರಾಗಿ ಕಾಣುವುದು 16ನೇ ಶತಮಾನದ ಆರಂಭದಲ್ಲಿ. ಅದಕ್ಕೆ ಮುಂಚೆ ಹಳೇ ಇಂಗ್ಲಿಷಿನಲ್ಲಿ ‘ಹಳದಿಗೆಂಪು’ ಎಂಬಂಥ ಜೋಡಿಪದವಿತ್ತು. ಅವರ ರಾಬಿನ್ ಹಕ್ಕಿಯ ಎದೆ ನೋಡಿದರೆ ಕಿತ್ತಳೆ ಬಣ್ಣ, ಹೆಸರು ಮಾತ್ರ ‘ಕೆಂಪೆದೆ’. ಅಲ್ಲಿಯವರ ಕೆಂಪು ನರಿ, ‘ಕೆಂಪು ಕೂದಲು’ ಎಲ್ಲವೂ ಈ ಲೆಕ್ಕವೇ: ಹೆಸರಿಟ್ಟಾಗ ಬೇರೆ ಪದ ಇರಲಿಲ್ಲ.

ಕೆಲವು ಭಾಷೆಗಳಲ್ಲಿ ಹಣ್ಣೂ ಬಣ್ಣವೂ ಬೇರೆ ಬೇರೆ ದಾರಿ ಹಿಡಿದಿವೆ. ರಷ್ಯನ್ನರಿಗೆ ಹಣ್ಣು ‘ಅಪಿಲ್ಸೀನ್’, ಬಣ್ಣ ‘ಅರಾಂಜೆವಿ’. ಫಿನ್ನಿಷ್‌ನಲ್ಲಿ ‘ಅಪ್ಪೆಲ್ಸೀನಿ’ ಮತ್ತು ‘ಒರಾನ್ಸ್ಸಿ’. ಟರ್ಕಿಯಲ್ಲಿ ಹಣ್ಣು ‘ಪೋರ್ತಕಾಲ್’, ಬಣ್ಣ ‘ತುರುಂಜು’. ಅದು ಕಹಿ ಕಿತ್ತಳೆ ‘ತುರುಂಚ್’ನಿಂದ. ಹಂಗೇರಿಯನ್ನರು ‘ಕಿತ್ತಳೆ-ಹಳದಿ’ ಎಂದು ಜೋಡಿಸಿ ಹೇಳುತ್ತಾರೆ.

ಪೋಲೆಂಡಿನ ‘ಪೊಮರಾಂಚಾ’ ಯಾವ ಮನೆತನದ್ದು?

ಅದು ಮೊದಲನೆಯದ್ದೇ, ಮುಂದೆ ಒಂದು ಬಾಲ ಸೇರಿದೆ. ಇಟಾಲಿಯನ್‌ನ ‘ಪೊಮೊ’ (ಸೇಬು, ಹಣ್ಣು) ಮತ್ತು ‘ಅರಾಂಚಾ’ ಸೇರಿ ‘ಪೊಮರಾಂಚಾ’. ‘ಕಿತ್ತಳೆ ಹಣ್ಣು’ ಎಂದ ಹಾಗೆ. ಜೆಕ್, ಸ್ಲೊವೇನಿಯನ್ ಭಾಷೆಗಳಲ್ಲೂ ಇದೇ ಪದ, ಸಿಹಿ ಹಣ್ಣಿಗೆ. ಜರ್ಮನ್‌ನಲ್ಲಿ ‘ಪೊಮೆರಾಂಟ್ಸೆ’ ಎಂದರೆ ಕಹಿಯದ್ದು ಮಾತ್ರ.

ಕಹಿ ಕಿತ್ತಳೆಯನ್ನು ಯಾರು ತಿಂತಾರೆ?

ಹಸಿಯಾಗಿ ಯಾರೂ ತಿನ್ನುವುದಿಲ್ಲ. ಸ್ಪೇನಿನ ಸೆವಿಲ್ ನಗರದ ಬೀದಿ ಬದಿಯಲ್ಲಿ ಸಾಲು ಸಾಲು ಮರಗಳಿವೆ, ಚಳಿಗಾಲದಲ್ಲಿ ಹಣ್ಣು ತೂಗುತ್ತಿರುತ್ತವೆ. ಹೊಸಬರು ಆಸೆಯಿಂದ ಕಚ್ಚಿ ಮುಖ ಕಿವುಚುತ್ತಾರೆ. ಬ್ರಿಟಿಷರಿಗೆ ಮಾತ್ರ ಮಾರ್ಮಲೇಡ್ ಮಾಡಲು ಸೆವಿಲ್‌ನ ಹಣ್ಣೇ ಬೇಕು. ಕಹಿಯೇ ಅದರ ರುಚಿ. ಹೆಸರುಗಳ ಲೆಕ್ಕದಲ್ಲೂ ಈ ಹಣ್ಣು ಮುಖ್ಯ. ಗ್ರೀಕರು ಸಿಹಿಗೆ ‘ಪೋರ್ತೊಕಾಲಿ’, ಕಹಿಗೆ ‘ನೆರಾಂಜಿ’ ಎನ್ನುತ್ತಾರೆ. ಇರಾನಿನಲ್ಲೂ ‘ಪೋರ್ತೆಗಾಲ್’ ಸಿಹಿ, ‘ನಾರಂಜ್’ ಕಹಿ. ಮೊದಲು ಬಂದ ಹಣ್ಣಿಗೆ ಹಳೇ ಹೆಸರು, ಆಮೇಲೆ ಬಂದದ್ದಕ್ಕೆ ಹೊಸದು, ಅಚ್ಚುಕಟ್ಟಾಗಿ.

## ಹಠ ಬಿಡದವರಿಗೆ

‘ನಾರಂಗ್’ನ ‘ಗ’ ಸ್ಪ್ಯಾನಿಷ್‌ನಲ್ಲಿ ‘ಹ’ ಹೇಗಾಯ್ತು?

ಎರಡು ಹೆಜ್ಜೆಯಲ್ಲಿ. ಶಿಷ್ಟ ಅರೇಬಿಕ್‌ನಲ್ಲಿ ‘ಗ’ ಧ್ವನಿ ಇಲ್ಲ, ಅದಕ್ಕೇ ‘ನಾರಂಜ್’ ಆಯಿತು. ಸ್ಪ್ಯಾನಿಷ್ ಅದನ್ನು ‘ಜ’ದಂಥ ಧ್ವನಿಯಲ್ಲೇ ತೆಗೆದುಕೊಂಡಿತು. ಮುಂದೆ ಆ ಭಾಷೆಯಲ್ಲಿ ಅದು ‘ಶ’ಕಾರಕ್ಕೆ ಜಾರಿ, ಆಮೇಲೆ ಗಂಟಲಿಗೆ ಇಳಿದು, ಒರಟು ‘ಹ’ ಆಯಿತು. ಬರೆಯುವ ಅಕ್ಷರ ಹಾಗೇ ಉಳಿಯಿತು. ಪೋರ್ಚುಗೀಸ್‌ನಲ್ಲಿ ‘ಜ’ ಗಂಟಲಿಗೆ ಇಳಿಯಲಿಲ್ಲ. ಅಲ್ಲಿ ಬದಲಾದದ್ದು ಮೊದಲ ಅಕ್ಷರ: ಒಂದೇ ಪದದಲ್ಲಿ ಎರಡು ಅನುನಾಸಿಕ ಬೇಡವೆಂದು ‘ನ’ ಹೋಗಿ ‘ಲ’ ಬಂತು, ‘ಲರಾಂಜ’.

ಕೆಟಲಾನ್‌ನ ‘ತರೋಂಜ’ ಕೂಡ ‘ನಾರಂಗ’ವೇನಾ?

ಕೇಳಲು ಹಾಗೇ ಇದೆ, ಆದರೆ ಅಲ್ಲ. ಅರೇಬಿಕ್‌ನಲ್ಲಿ ಮಾದಳ ಹಣ್ಣಿಗೆ ‘ತುರುಂಜ್’ ಎಂಬ ಇನ್ನೊಂದು ಪದವಿತ್ತು. ಅದೂ ಪರ್ಷಿಯನ್ ಮೂಲದ್ದು. ಕೆಟಲಾನ್ ಮಾತಾಡುವ ಬಾರ್ಸಿಲೋನಾ, ವೆಲೆನ್ಸಿಯಾ ಕಡೆಯವರು ಆ ಪದವನ್ನು ಕಿತ್ತಳೆಗೆ ಹಾಕಿದರು. ಟರ್ಕಿಯ ‘ತುರುಂಚ್’ ಕೂಡ ಅದೇ. ಸ್ಪೇನಿನಲ್ಲಿ ಕಿತ್ತಳೆಗೆ ಅತಿ ಹೆಸರಾದ ವೆಲೆನ್ಸಿಯಾದಲ್ಲೇ ಸ್ಥಳೀಯ ಮಾತು ದಾರಿ ತಪ್ಪಿದೆ ನೋಡಿ.

ಸಿಸಿಲಿಯಲ್ಲಿ ‘ಅರಾಂಚಿನೊ’, ‘ಅರಾಂಚಿನಾ’ ಅಂತ ಜಗಳ ಯಾಕೆ?

ಅದು ಎಣ್ಣೆಯಲ್ಲಿ ಕರಿದ ಅನ್ನದ ಉಂಡೆ. ಹೆಸರಿನ ಅರ್ಥ ‘ಪುಟ್ಟ ಕಿತ್ತಳೆ’, ಬಣ್ಣ ಆಕಾರ ಎರಡೂ ಹಾಗೇ ಇರುತ್ತದೆ. ಪಾಲೆರ್ಮೊದವರಿಗೆ ಅದು ಸ್ತ್ರೀಲಿಂಗ, ‘ಅರಾಂಚಿನಾ’. ಕತಾನಿಯಾದವರಿಗೆ ಪುಲ್ಲಿಂಗ, ‘ಅರಾಂಚಿನೊ’, ಮೇಲಾಗಿ ಅವರದ್ದಕ್ಕೆ ಚೂಪು ತುದಿಯೂ ಇರುತ್ತದೆ. ಶಿಷ್ಟ ಇಟಾಲಿಯನ್‌ನಲ್ಲಿ ಹಣ್ಣು ಸ್ತ್ರೀಲಿಂಗ, ಮರ ಪುಲ್ಲಿಂಗ. ಸಿಸಿಲಿಯ ಮಾತಿನಲ್ಲಿ ಹಣ್ಣೂ ಪುಲ್ಲಿಂಗ. ಜಗಳದ ಬೇರು ಅಲ್ಲಿದೆ. ಇಟಲಿಯ ಭಾಷಾ ಸಂಸ್ಥೆ ಅಕಾದೆಮಿಯಾ ದೆಲ್ಲಾ ಕ್ರುಸ್ಕಾ ಎರಡನ್ನೂ ಒಪ್ಪಿದೆ. ಜಗಳ ನಿಂತಿಲ್ಲ.

ಉತ್ತರ ಕರ್ನಾಟಕದಲ್ಲಿ ಹೇಳೋ ‘ಸಂತ್ರಾ’ ಪೋರ್ಚುಗಲ್‌ನ ಸಿಂತ್ರಾ ಊರಿಂದ ಬಂದದ್ದಂತೆ?

ಬಹಳ ಪುಸ್ತಕಗಳಲ್ಲಿ ಹಾಗಿದೆ, ನನಗೆ ಒಪ್ಪಿಗೆಯಿಲ್ಲ. ಬಾಬರ್ ತನ್ನ ಆತ್ಮಕಥೆಯಲ್ಲಿ ಹಿಂದುಸ್ತಾನದ ಹಣ್ಣುಗಳನ್ನು ಒಂದೊಂದಾಗಿ ವಿವರಿಸುವಾಗ ‘ನಾರಂಜ್’ ಬೇರೆ, ‘ಸಂಗ್‌ತರಾ’ ಬೇರೆ ಎಂದು ಬರೆಯುತ್ತಾನೆ. ಆತ ಸತ್ತದ್ದು 1530ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಷ್ಟು ಬೇಗ ಒಂದು ಪೋರ್ಚುಗೀಸ್ ಊರಿನ ಹೆಸರು ಉತ್ತರ ಭಾರತದ ಹಣ್ಣಿಗೆ ಅಂಟಿ, ದೇಶೀ ಪದದ ಹಾಗೆ ಕಾಣುವಂತಾಯಿತು ಎಂದರೆ ನಂಬುವುದು ಕಷ್ಟ.

ಮ್ಯಾಂಡರಿನ್ ಅಂದ್ರೆ ಚೀನೀ ಪದ ಅಲ್ವಾ?

ಅಲ್ಲ, ನಮ್ಮ ‘ಮಂತ್ರಿ’ಯೇ ಅದು. ಸಂಸ್ಕೃತದ ಮಂತ್ರಿ ಮಲಯ ಭಾಷೆಯಲ್ಲಿ ‘ಮೆಂತೆರಿ’ ಆಯಿತು. ಅದನ್ನು ಕೇಳಿದ ಪೋರ್ಚುಗೀಸರು ಚೀನಾದ ಅಧಿಕಾರಿಗಳನ್ನು ‘ಮಂದರಿಂ’ ಎಂದರು. ಅಲ್ಲಿಂದ ಯುರೋಪಿನ ಭಾಷೆಗಳು ಅದನ್ನು ಚೀನಾದ ಸಣ್ಣ ಕಿತ್ತಳೆಗೂ ಹಾಕಿದವು. ಕೊಡಗಿನ ಕಿತ್ತಳೆಯನ್ನು ‘ಕೂರ್ಗ್ ಮ್ಯಾಂಡರಿನ್’ ಎಂದು ಬರೆಯುವಾಗ ಮಂತ್ರಿ ಲೋಕ ಸುತ್ತಿ ಮಡಿಕೇರಿಗೆ ಬಂದಿರುತ್ತಾನೆ.

‘ನಾರಂಗ’ ದ್ರಾವಿಡ ಪದ ಅನ್ನೋದು ಎಷ್ಟು ಗಟ್ಟಿ?

ಪರವಾಗಿ ಇರುವುದನ್ನು ಮೊದಲು ನೋಡೋಣ. ಮಲಯಾಳಂನ ‘ನಾರಙ್ಙ’, ತಮಿಳಿನ ‘ನಾರತ್ತೈ’, ತೆಲುಗಿನ ‘ನಾರಿಂಜ’ ಎಲ್ಲವೂ ಈ ಜಾತಿಯ ಹಣ್ಣುಗಳ ಹೆಸರೇ. ಮಲಯಾಳಂನಲ್ಲಿ ‘ನಾರಙ್ಙ ವೆಳ್ಳಂ’ ಕೇಳಿದರೆ ನಿಂಬೆ ಪಾನಕ ಬರುತ್ತದೆ. ತಮಿಳರ ಮನೆಯಲ್ಲಿ ‘ನಾರ್ತಂಗಾಯ್’ ಉಪ್ಪಿನಕಾಯಿ ಇರುತ್ತದೆ. ಕೊನೆಯ ‘ಙ್ಙ’ದಲ್ಲಿ ‘ಕಾಯಿ’ ಅಡಗಿದೆ ಎನ್ನುವುದು ಒಳ್ಳೆಯ ಊಹೆ. ಮಲಯಾಳಂನಲ್ಲಿ ತೆಂಗಿನಕಾಯಿ ‘ತೇಙ್ಙ’, ಮಾವಿನಕಾಯಿ ‘ಮಾಙ್ಙ’. ಇಂಗ್ಲಿಷ್‌ನ ‘ಮ್ಯಾಂಗೊ’ ಆದದ್ದೂ ಈ ಕಡೆಯಿಂದಲೇ. ಸಂಸ್ಕೃತದ ಒಳಗಿನಿಂದ ‘ನಾರಂಗ’ಕ್ಕೆ ಇಂಥ ವಿವರಣೆ ಸಿಗುವುದಿಲ್ಲ.

ಮೊದಲ ತುಂಡಿಗೆ ಕೆಲವರು ‘ನರು’ ತೋರಿಸುತ್ತಾರೆ, ನಮ್ಮ ‘ನರುಗಂಪು’ವಿನ ನರು, ಸುವಾಸನೆ. ಇಲ್ಲಿ ಒಂದು ಮುಳ್ಳಿದೆ. ಆ ನರು ಹಳಗನ್ನಡದಲ್ಲಿ, ತಮಿಳಿನಲ್ಲಿ ಶಕಟರೇಫದ್ದು, ಅಂದರೆ ‘ಱ’ ಎಂಬ ಬೇರೆ ರಕಾರದ್ದು, ‘ನಱು’. ತಮಿಳಿನ ಹಣ್ಣಿನ ಹೆಸರಿನಲ್ಲಿ ಇರುವುದು ಸಾದಾ ‘ರ’. ತಮಿಳು ಈ ಎರಡು ಅಕ್ಷರಗಳನ್ನು ಬೇರೆಬೇರೆಯಾಗಿಯೇ ಬರೆದುಕೊಂಡು ಬಂದಿದೆ, ಹಾಗಾಗಿ ಇದನ್ನು ಸುಮ್ಮನೆ ದಾಟಿ ಹೋಗುವಂತಿಲ್ಲ.

ಇನ್ನೊಂದು ಆಕ್ಷೇಪ ಗಿಡದ ಕಡೆಯಿಂದ. ಈ ಜಾತಿಯ ಹಣ್ಣುಗಳ ತವರು ಅಸ್ಸಾಂ, ಉತ್ತರ ಮ್ಯಾನ್ಮಾರ್, ಚೀನಾದ ಯುನ್ನಾನ್ ಸುತ್ತಿನ ಬೆಟ್ಟಸೀಮೆ ಎಂದು 2018ರಲ್ಲಿ ಬಂದ ಜೀನೋಮ್ ಅಧ್ಯಯನ ಹೇಳುತ್ತದೆ. ದ್ರಾವಿಡ ಭಾಷೆಗಳ ನೆಲ ಅಲ್ಲಿಂದ ದೂರ. ಹಾಗಾಗಿ ಪದ ಇನ್ನೂ ಪೂರ್ವದ ಯಾವುದೋ ಭಾಷೆಯಲ್ಲಿ ಹುಟ್ಟಿ, ದಕ್ಷಿಣಕ್ಕೂ ಸಂಸ್ಕೃತಕ್ಕೂ ಬೇರೆಬೇರೆಯಾಗಿ ಬಂದಿರಬಹುದು ಎನ್ನುವುದು ತಳ್ಳಿಹಾಕುವ ಮಾತಲ್ಲ. ನನ್ನ ಒಲವು ‘ಕಾಯಿ’ಯ ಕಡೆಗೇ. ‘ನರು’ವಿನ ಮೇಲೆ ಮಾತ್ರ ಪಣ ಕಟ್ಟಲಾರೆ.

ಕನ್ನಡದಲ್ಲೂ ‘ನಾರಂಗಿ’ ಇದೆ, ಆದರೆ ದಿನದ ಮಾತಿನಲ್ಲಿ ಗೆದ್ದದ್ದು ‘ಕಿತ್ತಳೆ’. ತಮಿಳಿನ ‘ಕಿಚ್ಚಿಲಿ’ ಅದರ ಒಡಹುಟ್ಟು. ಆ ಜೋಡಿ ಮಾತ್ರ ಅರಬರ ಹಡಗನ್ನೂ ಹತ್ತಲಿಲ್ಲ, ಪೋರ್ಚುಗೀಸರದ್ದನ್ನೂ ಹತ್ತಲಿಲ್ಲ.